ವರ್ಣಚಕ್ರ

ಬಣ್ಣಗಳ ಪರಸ್ಪರ ಸಂಬಂಧವು ಒಂದೇ ನೋಟಕ್ಕೆ ತಿಳಿಯುವಂತೆ ಅವುಗಳನ್ನು ವೃತ್ತದ ಸುತ್ತ ಕ್ರಮವಾಗಿ ನಿಲ್ಲಿಸಿದ ಆಕೃತಿಗೆ ವರ್ಣಚಕ್ರವೆಂದು ಹೆಸರು. ಗಾಜಿನ ಪಟ್ಟಕದಲ್ಲಿ ಹಾಯ್ದ ಸೂರ್ಯರಶ್ಮಿಯು ಕೆಂಪಿನಿಂದ ನೇರಳೆಯವರೆಗೆ ಹರಡಿಕೊಂಡುದನ್ನು ಪರೀಕ್ಷಿಸಿದ ಐಸಾಕ್ ನ್ಯೂಟನ್ನನು, ಆ ವರ್ಣಪಟಲದ ಎರಡು ತುದಿಗಳನ್ನೂ ಬಾಗಿಸಿ ಕೂಡಿಸಿ, 1704ರಲ್ಲಿ ಪ್ರಕಟವಾದ ತನ್ನ ‘ಆಪ್ಟಿಕ್ಸ್’ ಗ್ರಂಥದಲ್ಲಿ ಅದನ್ನು ವೃತ್ತರೂಪದಲ್ಲಿ ನಿರೂಪಿಸಿದನು. ಕಾಮನಬಿಲ್ಲಿನಲ್ಲಿ ಎಲ್ಲಿಯೂ ಕಾಣದ ಕೆನ್ನೇರಳೆಗೆ ಚಕ್ರದ ಈ ಸಂಧಿಯಲ್ಲಿಯೇ ಸ್ಥಾನ ದೊರೆಯುವುದು.

ಚಿತ್ರಕಾರರ ಚಕ್ರದಲ್ಲಿ ಹಳದಿ, ಕೆಂಪು, ನೀಲಿ ಎಂಬ ಮೂರು ಮೂಲವರ್ಣಗಳು ಸಮದೂರದಲ್ಲಿ ನಿಲ್ಲುವುವು. ಇವುಗಳಲ್ಲಿ ಎರಡೆರಡರ ಮಿಶ್ರಣದಿಂದ ಕಿತ್ತಳೆ, ನೇರಳೆ, ಹಸುರು ಎಂಬ ದ್ವಿತೀಯವರ್ಣಗಳೂ, ನೆರೆಯ ಮೂಲವರ್ಣದೊಡನೆ ಇವುಗಳ ಮಿಶ್ರಣದಿಂದ ಆರು ತೃತೀಯವರ್ಣಗಳೂ ಹುಟ್ಟಿ ಒಟ್ಟು ಹನ್ನೆರಡಾಗುವುವು. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಬೋಧಿಸಿದ ಯೊಹಾನೆಸ್ ಇಟ್ಟೆನ್ ಪ್ರಚುರಪಡಿಸಿದ ಚಕ್ರವು ಇಂಥದು. ಈ ವ್ಯವಸ್ಥೆಯು ಲೇಪನದ್ರವ್ಯಗಳಿಗೆ ಸಂಬಂಧಪಟ್ಟುದು; ಬೆಳಕಿನ ಕಿರಣಗಳನ್ನು ಬೆರಸುವಾಗ ಕೆಂಪು, ಹಸುರು, ನೀಲಿಗಳು ಕೂಡಿ ಬಿಳುಪಾಗುವುದರಿಂದ, ಎರಡನ್ನೂ ಒಂದೇ ಎಂದು ಗ್ರಹಿಸಲಾಗದು.

ಆದರೆ ಅಂಗಡಿಯಿಂದ ತಂದ ಯಾವ ಬಣ್ಣವೂ ಚಕ್ರದಲ್ಲಿ ಬರೆದಷ್ಟು ಶುದ್ಧವಲ್ಲವೆಂಬುದನ್ನು ವಿದ್ಯಾರ್ಥಿಯು ಆರಂಭದಲ್ಲಿಯೇ ಅರಿಯತಕ್ಕದ್ದು. ಅಲ್ಟ್ರಾಮರೀನ್ ನೀಲಿಯಲ್ಲಿ ಕೆಂಪಿನ ಛಾಯೆ ಅಡಗಿರುವ ಕಾರಣ, ಅದನ್ನು ಹಳದಿಯೊಡನೆ ಬೆರಸಿದರೆ ಮಂಕಾದ ಹಸುರು ಬರುವುದು. ಹಸುರಿನ ಕಡೆಗೆ ವಾಲಿದ ಪ್ರಷ್ಯನ್ ನೀಲಿಯನ್ನು ನಿಂಬೆಹಳದಿಯೊಡನೆ ಬೆರಸಿದರೆ ಎಳೆಯ ಚಿಗುರಿನಂಥ ಉಜ್ಜ್ವಲವಾದ ಹಸುರು ಬರುವುದು.

ಚಕ್ರದಲ್ಲಿ ಎದುರುಬದುರಾಗಿರುವ ಕೆಂಪು-ಹಸುರು, ನೀಲಿ-ಕಿತ್ತಳೆ, ಹಳದಿ-ನೇರಳೆಗಳು ಪೂರಕವರ್ಣಗಳು. ಬೆರಸಿದಾಗ ಒಂದನ್ನೊಂದು ಕುಗ್ಗಿಸಿ ಬೂದು ಅಥವಾ ಕಂದು ಬಣ್ಣಕ್ಕೆ ತಿರುಗುವ ಇವೇ, ಪಕ್ಕಪಕ್ಕದಲ್ಲಿ ನಿಂತಾಗ ಒಂದನ್ನೊಂದು ಪ್ರಜ್ವಲಗೊಳಿಸುವುವು. ವರ್ಣಶಾಸ್ತ್ರದ ಜೀವಾಳವೇ ಇದೆನ್ನಬಹುದು. ಪ್ಯಾರಿಸ್ಸಿನ ಗೊಬ್ಲಾಂ ಚಿತ್ರಜವಳಿ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರಲನು, ಕಪ್ಪು ನೂಲಿಗೆ ಗಾಢತೆ ಸಾಲದೆಂಬ ದೂರನ್ನು ವಿಚಾರಿಸಿ, ಆ ಕಪ್ಪನ್ನು ಇತರ ಕಾರ್ಖಾನೆಗಳ ಕಪ್ಪಿನೊಡನೆ ಹೋಲಿಸಿ ನೋಡಲಾಗಿ, ದೋಷವು ಬಣ್ಣದಲ್ಲಿರದೆ ಅದರ ಪಕ್ಕದಲ್ಲಿ ನೇಯ್ದ ನೀಲಿ-ನೇರಳೆಗಳ ಪ್ರಭಾವದಲ್ಲಿತ್ತೆಂದು ಕಂಡುಕೊಂಡನು. ನೀಲಿಯು ತನ್ನ ಪೂರಕವಾದ ಕಿತ್ತಳೆಯ ಛಾಯೆಯನ್ನು ನೆರೆಯ ಕಪ್ಪಿನ ಮೇಲೆ ಚೆಲ್ಲಿ ಅದನ್ನು ಕಂದಿದಂತೆ ತೋರಿಸುತ್ತಿದ್ದಿತು. 1839ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಈ ತತ್ತ್ವವನ್ನು ಮುಂದೆ ಜಾರ್ಜ್ ಸ್ಯೂರಾ ಎಂಬ ಚಿತ್ರಕಾರನು ಬಿಂದುಬಿಂದುಗಳಾಗಿ ಬಣ್ಣವಿಡುವ ತನ್ನ ಪದ್ಧತಿಗೆ ಆಧಾರವಾಗಿ ಸ್ವೀಕರಿಸಿದನು.

ಇದನ್ನು ಪ್ರತ್ಯಕ್ಷವಾಗಿ ಕಾಣಲು ಹೆಚ್ಚಿನ ಸಾಧನಗಳು ಬೇಕಿಲ್ಲ. ಒಂದೇ ಬೂದುಬಣ್ಣದ ಕಾಗದದಿಂದ ಎರಡು ಚಿಕ್ಕ ಚೌಕಗಳನ್ನು ಕತ್ತರಿಸಿ, ಒಂದನ್ನು ಕೆಂಪು ಹಾಳೆಯ ನಡುವೆಯೂ ಮತ್ತೊಂದನ್ನು ಹಸುರು ಹಾಳೆಯ ನಡುವೆಯೂ ಇಟ್ಟು ಕೊಂಚ ಹೊತ್ತು ದಿಟ್ಟಿಸಿದರೆ, ಮೊದಲನೆಯದು ಹಸುರಿಗೂ ಎರಡನೆಯದು ಕೆಂಪಿಗೂ ತಿರುಗಿದಂತೆ ತೋರುವುದು.