ಖಳನ ಅಂಗಿ

ಭಾಲ್ಕಿಯಲ್ಲಿ ಟೀಚರಾಗಿದ್ದಾಗ ಸೆಪ್ಟೆಂಬರ್ 17 ಬಂತೆಂದರೆ ಹೈದರಾಬಾದ್ ವಿಮೋಚನೆಯ ನಾಟಕ ಆಡಿಸುವ ಕೆಲಸ ನನ್ನ ತಲೆಗೇ ಬರುತ್ತಿತ್ತು. ಸರದಾರ ಪಟೇಲರಾಗಲು ಹುಡುಗರಲ್ಲಿ ಜಗಳ; ರಜಾಕಾರನಾಗಲು ಒಬ್ಬನೂ ಒಲ್ಲ. ಒಂದು ವರ್ಷ ಔರಾದ ಕಡೆಯ ಹುಡುಗನೊಬ್ಬ ತಾನಾಗಿ ಕೈ ಎತ್ತಿದ. "ಅವರು ಹ್ಯಾಂಗ ಬರ್ತಿದ್ರು, ಹ್ಯಾಂಗ ನಿಲ್ತಿದ್ರು ಅಂತ ನಮ್ಮ ಆಯಿ ಹೇಳ್ಯಾಳ್ರಿ ಟೀಚರ್. ನಂಗ ಗೊತ್ತದ." ಅವನ ಆಯಿ 1948ರಲ್ಲಿ ರಾತ್ರೋರಾತ್ರಿ ಬಂಡಿ ಕಟ್ಟಿ ಊರು ಬಿಟ್ಟವರ ಮನೆಯ ಮಗಳು. (ಪೊಲೀಸ್ ಕಾರ್ಯಾಚರಣೆಯ ನಂತರ ನಮ್ಮ ಜಿಲ್ಲೆಯ ಎಷ್ಟೋ ಮುಸ್ಲಿಂ ಮನೆಗಳಿಗೂ ಅದೇ ಗತಿ ಬಂತು. ಅದನ್ನು ನಮ್ಮ ನಾಟಕದಲ್ಲಿ ತೋರಿಸಲಿಲ್ಲ.)

ಈಚೆಗೆ ಬೀದರಿನ ಮನೆಯಲ್ಲಿ ಮಗಳು 'ಕ್ಯಾಸಾಬ್ಲಾಂಕಾ' ಎಂಬ 1942ರ ಅಮೆರಿಕನ್ ಚಿತ್ರ ಹಚ್ಚಿದಾಗ ಆ ಹುಡುಗ ಕಣ್ಣ ಮುಂದೆ ಬಂದ. ಅದರಲ್ಲಿ ಮೇಜರ್ ಸ್ಟ್ರಾಸರ್ ಎಂಬ ನಾಜಿ ಅಧಿಕಾರಿ ಇದ್ದಾನೆ. ನೆಟ್ಟಗಿನ ಬೆನ್ನು, ತಣ್ಣನೆಯ ನಗೆ. ಆ ಪಾತ್ರ ಮಾಡಿದ ಕಾನ್ರಾಡ್ ವೈಟ್ ಅದೇ ನಾಜಿಗಳ ದೆಸೆಯಿಂದ ದೇಶ ಬಿಟ್ಟವನು.

ವೈಟ್ 1893ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ. 1920ರ 'ಡಾಕ್ಟರ್ ಕ್ಯಾಲಿಗರಿ' ಮೂಕಿಚಿತ್ರದಲ್ಲಿ, ಯಜಮಾನ ಹೇಳಿದಂತೆ ನಿದ್ದೆಯಲ್ಲೇ ಕೊಲೆ ಮಾಡುವವನ ಪಾತ್ರದಿಂದ ಹೆಸರಾದ. 1933ರಲ್ಲಿ ಹಿಟ್ಲರ್ ಗದ್ದುಗೆ ಏರಿದ. ಅದೇ ವರ್ಷ ವೈಟ್ ಯಹೂದಿ ಮನೆತನದ ಲಿಲಿ ಪ್ರೇಗರ್‌ಳನ್ನು ಮದುವೆಯಾದ. ಸಿನಿಮಾದವರೆಲ್ಲ ತಮ್ಮ ಕುಲ ಬರೆದುಕೊಡಬೇಕೆಂದಾಗ, ತಾನು ಯಹೂದಿಯಲ್ಲದಿದ್ದರೂ 'ಯಹೂದಿ' ಎಂದೇ ಬರೆದನಂತೆ. ಹೆಂಡತಿಯನ್ನು ಬಿಟ್ಟುಕೊಟ್ಟು ಹೆಸರು ಉಳಿಸಿಕೊಳ್ಳುವ ದಾರಿ ಅವನಿಗೆ ಬೇಕಾಗಲಿಲ್ಲ. ಗಂಡ ಹೆಂಡತಿ ಇಂಗ್ಲೆಂಡ್ ಸೇರಿದರು. 1939ರಲ್ಲಿ ಅಲ್ಲಿನ ಪ್ರಜೆಯಾದ.

ನಮ್ಮ ಕನ್ನಡ ನಾಡಿನ ಹುಡುಗನೊಬ್ಬ ಅವನೊಡನೆ ನಟಿಸಿದ್ದಾನೆ. ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ, ತಬ್ಬಲಿ ಸಾಬು. 'ಎಲಿಫೆಂಟ್ ಬಾಯ್' ಚಿತ್ರ ತೆಗೆಯಲು ಬಂದವರ ಕಣ್ಣಿಗೆ ಬಿದ್ದು ವಿಲಾಯತಿಗೆ ಹೋದವನು. 1940ರ 'ಥೀಫ್ ಆಫ್ ಬಾಗ್ದಾದ್' ಚಿತ್ರದಲ್ಲಿ ವೈಟ್ ಮಾಯಾವಿ ಮಂತ್ರಿ ಜಾಫರ್. ರಾಜನ ಕಣ್ಣು ಕಳೆದು, ಪುಟ್ಟ ಕಳ್ಳ ಸಾಬುವನ್ನು ನಾಯಿಯಾಗಿಸುತ್ತಾನೆ. ಇಂಗ್ಲೆಂಡಿನಲ್ಲಿ ಶುರುವಾದ ಚಿತ್ರ ಯುದ್ಧದ ಕಾರಣ ಅಮೆರಿಕದಲ್ಲಿ ಮುಗಿಯಿತು.

ಹಾಲಿವುಡ್ಡಿಗೆ ಆಗ ನಾಜಿಗಳು ಬೇಕಿದ್ದರು, ಜರ್ಮನ್ ಉಚ್ಚಾರಣೆಯವರು ಬೇಕಿದ್ದರು. ಸಿಕ್ಕಿದ್ದು ನಾಜಿಗಳಿಂದ ಓಡಿ ಬಂದವರು! ವೈಟ್ ಒಪ್ಪಿದ, ಆದರೆ ನಾಜಿ ಖಳನಾಗಿಯೇ ಇರಬೇಕು, ಅವನ ಮೇಲೆ ಯಾರಿಗೂ ಕನಿಕರ ಬರಬಾರದೆಂಬುದು ಅವನ ಹಟ. ಗಳಿಕೆಯ ದೊಡ್ಡ ಪಾಲು ಬ್ರಿಟನ್ನಿನ ಯುದ್ಧನಿಧಿಗೆ ಹೋಗುತ್ತಿತ್ತು.

'ಕ್ಯಾಸಾಬ್ಲಾಂಕಾ'ದಲ್ಲಿ ಒಂದು ಕಡೆ ಜರ್ಮನ್ ಸೈನಿಕರು ತಮ್ಮ ಹಾಡು ಹಾಡುತ್ತಾರೆ. ಅದನ್ನು ಮುಳುಗಿಸಿ ಉಳಿದವರೆಲ್ಲ ಫ್ರಾನ್ಸಿನ ರಾಷ್ಟ್ರಗೀತೆ ಹಾಡುತ್ತಾರೆ. ಕಣ್ಣೀರಿಟ್ಟು ಹಾಡುವ ಹುಡುಗಿ ಮ್ಯಾಡ್ಲೀನ್ ಲೆಬೋ ಪ್ಯಾರಿಸ್ಸಿನಿಂದ ನಿಜವಾಗಿ ತಪ್ಪಿಸಿಕೊಂಡು ಬಂದವಳು. ಆಗ ಅವಳ ಗಂಡನಾಗಿದ್ದ ಮಾರ್ಸೆಲ್ ದಾಲಿಯೋ ಫ್ರಾನ್ಸಿನ ಹೆಸರಾಂತ ನಟ. ಇಲ್ಲಿ ಜೂಜುಕಟ್ಟೆಯ ಆಳಿನ ಸಣ್ಣ ಪಾತ್ರ. ಅವನ ತಂದೆತಾಯಿ ನಾಜಿ ಶಿಬಿರಗಳಲ್ಲಿ ಸತ್ತರು. ಅವಳಿಗಾದರೂ ಅಳುವ ಅವಕಾಶವಿತ್ತು. ವೈಟ್ ಸಿಟ್ಟಿನ ಮುಖ ಹೊತ್ತು ನಿಂತು, ಈ ಅಂಗಡಿ ಮುಚ್ಚಿಸು ಎಂದು ಅಪ್ಪಣೆ ಮಾಡಬೇಕಿತ್ತು. ಮಾಡಿದ. ಎಷ್ಟು ಚೆನ್ನಾಗಿ ಮಾಡಿದನೆಂದರೆ, ಮಗಳು "ಎಂಥಾ ಕೆಟ್ಟ ಮುಖ ಅವ್ವಾ" ಎಂದಳು.

1943ರ ಏಪ್ರಿಲ್ 3ರಂದು ಗಾಲ್ಫ್ ಆಡುತ್ತಿದ್ದಾಗ ಅವನ ಎದೆ ನಿಂತಿತು. ವಯಸ್ಸು 50. ಹಿಟ್ಲರನ ಸೋಲು ಕಾಣಲಿಲ್ಲ. ಸಾಬು ಅಮೆರಿಕದ ಬಾಂಬರ್ ವಿಮಾನದಲ್ಲಿ ಬಂದೂಕುಗಾರನಾಗಿ ಯುದ್ಧಕ್ಕೆ ಹೋಗಿ ಬಂದು, 1963ರಲ್ಲಿ 39ಕ್ಕೇ ತೀರಿಕೊಂಡ.

ಆ ವರ್ಷದ ನಾಟಕಕ್ಕೆ ಹುಡುಗನ ಆಯಿ ಬಂದಿದ್ದಳು, ಮುಂದಿನ ಸಾಲಿನಲ್ಲೇ ಕೂತಿದ್ದಳು. ಅವನು ಬಂದೂಕು ಹಿಡಿದು ರಂಗಕ್ಕೆ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡಳು. ನಾಟಕ ಮುಗಿದ ಮೇಲೆ ಅದೇ ವೇಷದಲ್ಲಿ ಓಡಿ ಬಂದ ಮೊಮ್ಮಗನನ್ನು ಹತ್ತಿರ ಕರೆಯಲಿಲ್ಲ.

"ಮೊದಲ ಆ ಅಂಗಿ ಬಿಚ್ಚಿ ಬಾ" ಎಂದಳು. "ಆಮ್ಯಾಲ ಉಣ್ಲಾಕ ಕೊಡ್ತೀನಿ."