ಶಿಕಾರಿಪುರ–ಹಾನಗಲ್ ಹೆದ್ದಾರಿಯ ಊರುಗಳು: ಕೆರೆ, ಮಠ, ಬಸದಿಗಳ ಶಾಸನಸಾಕ್ಷ್ಯ

ಶಿಕಾರಿಪುರದಿಂದ ಶಿರಾಳಕೊಪ್ಪ, ಆನವಟ್ಟಿಗಳನ್ನು ಹಾದು ಹಾನಗಲ್ಲಿಗೆ ಹೋಗುವ ರಾಜ್ಯ ಹೆದ್ದಾರಿಯಿಂದ ಕೆಲವೇ ಕಿಲೋಮೀಟರ್ ಒಳಗೆ ತಾಳಗುಂದ, ಬಳ್ಳಿಗಾವಿ, ಕುಬಟೂರುಗಳಿವೆ; ತುಸು ದೂರದಲ್ಲಿ ಬಂದಳಿಕೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಈ ಸೀಮೆಯ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದರು. ಶಿಕಾರಿಪುರ ತಾಲ್ಲೂಕಿನವು 7ನೆಯ ಸಂಪುಟಕ್ಕೆ, ಸೊರಬದವು 8ನೆಯದಕ್ಕೆ ಸೇರಿದವು. ಮುಂಬೈ ಪ್ರಾಂತದಲ್ಲಿದ್ದ ಹಾನಗಲ್ ಎರಡಕ್ಕೂ ಹೊರಗೇ ಉಳಿಯಿತು. ಆಡಳಿತದ ಈ ಗೆರೆಗಳನ್ನು ಬದಿಗಿಟ್ಟು ಊರುಗಳನ್ನು ಒಂದೇ ಸಾಲಿನಲ್ಲಿ ಓದಿದರೆ ಕಾಣುವುದೇನು ಎಂಬುದು ಈ ಲೇಖನದ ವಿಷಯ. ಅರಸುಮನೆತನಗಳು ಬದಲಾದರೂ ಈ ಊರುಗಳನ್ನು ಹಿಡಿದು ನಿಲ್ಲಿಸಿದ್ದು ಕೆರೆ, ಮಠ, ಬಸದಿಗಳಿಗೆ ಸಂದ ದತ್ತಿಗಳು ಎಂಬುದು ಇಲ್ಲಿನ ವಾದ.

ತಾಳಗುಂದ: ಕೆರೆಯ ಶಾಸನ

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನ 5ನೆಯ ಶತಮಾನದ ನಡುಭಾಗದ್ದು. ಇದನ್ನು ಬರೆಸಿದವನು ಕದಂಬ ಶಾಂತಿವರ್ಮ, ಸಂಸ್ಕೃತದಲ್ಲಿ ರಚಿಸಿದವನು ಕವಿ ಕುಬ್ಜ. ಕದಂಬ ವಂಶದ ಮೂಲಪುರುಷ ಮಯೂರಶರ್ಮ ಕಂಚಿಯ ಘಟಿಕೆಗೆ (ವಿದ್ಯಾಕೇಂದ್ರಕ್ಕೆ) ಓದಲು ಹೋದದ್ದು, ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ ಕತ್ತಿ ಹಿಡಿದದ್ದು ನಮಗೆ ತಿಳಿದಿರುವುದು ಇದರಿಂದಲೇ. ಆದರೆ ಶಾಸನದ ಮೂಲ ಉದ್ದೇಶ ಬೇರೆ. ಹಿಂದೆ ಸಾತಕರ್ಣಿ ಮೊದಲಾದವರು ಪೂಜಿಸಿದ್ದ ಶಿವಾಲಯದ ಬಳಿ ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಅದು ದಾಖಲಿಸುತ್ತದೆ. ವಂಶದ ಕಥೆ ಕೆರೆಯ ನೆಪದಲ್ಲಿ ಬಂದದ್ದು.

ಬಂದಳಿಕೆ ಮತ್ತು ಬಳ್ಳಿಗಾವಿ

10ನೆಯ ಶತಮಾನದ ಆರಂಭದಲ್ಲಿ ರಾಷ್ಟ್ರಕೂಟರ ಕಾಲಕ್ಕೆ ಇಲ್ಲಿನ ನಾಗರಖಂಡ 70 ಎಂಬ ನಾಡಿನ ನಾಳ್ಗಾವುಂಡ (ನಾಡಿನ ಮುಖ್ಯಸ್ಥ) ಸತ್ತರಸ ನಾಗಾರ್ಜುನ ತೀರಿಕೊಂಡಾಗ, ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಡಳಿತವನ್ನು ದಕ್ಷವಾಗಿ ನಡೆಸಿದ ಆಕೆ ಕೊನೆಗೆ ಬಂದಳಿಕೆಯ ಜೈನ ತೀರ್ಥದಲ್ಲಿ ಸಲ್ಲೇಖನ (ಉಪವಾಸದಿಂದ ದೇಹ ಬಿಡುವ ವ್ರತ) ಕೈಗೊಂಡಳು.

ಬಳ್ಳಿಗಾವಿ ಬನವಾಸಿ 12000 ಎಂಬ ಪ್ರಾಂತದ ರಾಜಧಾನಿಯಾಗಿತ್ತು. ಇಲ್ಲಿನ ಗಂಡಭೇರುಂಡ ಸ್ತಂಭವನ್ನು ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಬೌದ್ಧ ವಿಹಾರ ಕಟ್ಟಿಸಿ ತಾರಾ ಭಗವತಿಯ ಪೂಜೆಗೆ ದತ್ತಿ ಬಿಟ್ಟ. ಕಾಳಾಮುಖ ಶೈವರ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ನಾಲ್ಕು ವೇದ, ಪಾಣಿನೀಯ–ಶಾಕಟಾಯನ ವ್ಯಾಕರಣ, ಷಡ್ದರ್ಶನ, ಕಾವ್ಯ, ನಾಟಕಗಳು ಅಲ್ಲಿ ಅಧ್ಯಯನದ ವಿಷಯಗಳಾಗಿದ್ದವೆಂದು ಪಟ್ಟಿ ಮಾಡುತ್ತದೆ. ದೀನರು, ಕುರುಡರು, ಕಿವುಡರು, ಗಾಯಕರು, ನರ್ತಕರು, ಕ್ಷಪಣಕರು ಎಲ್ಲರಿಗೂ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಅಲ್ಲಮಪ್ರಭು ಬಳ್ಳಿಗಾವಿಯವರು, ಅಕ್ಕಮಹಾದೇವಿ ಸಮೀಪದ ಉಡುತಡಿಯವರು ಎಂಬ ಪರಂಪರೆಯ ನಂಬಿಕೆಯನ್ನು ಈ ವಾತಾವರಣದೊಳಗಿಟ್ಟು ನೋಡಬೇಕು.

ಕುಬಟೂರು, ಹಾನಗಲ್

ಕುಬಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 1077ರಲ್ಲಿ ಪಾರ್ಶ್ವನಾಥ ಚೈತ್ಯಾಲಯ ಮಾಡಿಸಿದಳು. ಅಗ್ರಹಾರದ ಬ್ರಾಹ್ಮಣರನ್ನು ಆಕೆ ಗೌರವಿಸಿದಳು. ಅವರಿಂದಲೇ ಬಸದಿಗೆ ಬ್ರಹ್ಮಜಿನಾಲಯ ಎಂಬ ಹೆಸರು ಬಂತು. ಅದೇ ಊರಿನ ಕೈಟಭೇಶ್ವರ ದೇವಾಲಯವೂ, ಹಾನಗಲ್ ಕದಂಬರ ನೆಲೆಯಲ್ಲಿರುವ ತಾರಕೇಶ್ವರ ದೇವಾಲಯವೂ ಇದೇ ಸಾಲಿನ ಶೈವ ಕೇಂದ್ರಗಳು.

ಸಾಲಾಗಿ ಓದಿದಾಗ

ಕದಂಬರಿಂದ ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ, ಕಳಚುರಿಗಳವರೆಗೆ ಆಳಿದವರು ಬದಲಾದರು. ದತ್ತಿಯ ಪದ್ಧತಿ ಮಾತ್ರ ಮುಂದುವರಿಯಿತು. ರಾಣಿ, ದಂಡನಾಯಕ, ನಾಳ್ಗಾವುಂಡ, ಯತಿ ಎಲ್ಲರೂ ಅದರಲ್ಲಿ ಪಾಲುದಾರರು. ಶೈವ, ಜೈನ, ಬೌದ್ಧ ನೆಲೆಗಳು ಒಂದು ಹಗಲಿನ ನಡಿಗೆಯೊಳಗೇ ಇದ್ದವು. ವಿಜಯನಗರದ ಕಾಲಕ್ಕೆ ಆಡಳಿತದ ಭಾರ ಚಂದ್ರಗುತ್ತಿ, ಆರಗಗಳತ್ತ ಸರಿದು ಬಳ್ಳಿಗಾವಿಯಂಥ ಪಟ್ಟಣ ಹಳ್ಳಿಯಾಯಿತು.

ಇಂದು ಪುರಾತತ್ತ್ವ ಇಲಾಖೆಯ ರಕ್ಷಣೆ ಒಂದೊಂದು ದೇವಾಲಯದ ಸುತ್ತ ಇದೆ. ಶಾಸನಗಳು ಹೇಳುವ ಲೋಕ ಅದಕ್ಕಿಂತ ದೊಡ್ಡದು: ಕೆರೆ, ಗದ್ದೆ, ಮಠದ ಜಾಗ, ವೀರಗಲ್ಲು ಎಲ್ಲವೂ ಅದರ ಭಾಗ. ರಸ್ತೆ ಅಗಲಿಸುವ, ಕೆರೆ ಹೂಳೆತ್ತುವ ಕೆಲಸಕ್ಕೆ ಮೊದಲು ಈ ಊರುಗಳನ್ನು ತಾಲ್ಲೂಕಿನ ಗಡಿ ಮೀರಿ ಒಟ್ಟಾಗಿ ಸಮೀಕ್ಷೆ ಮಾಡಬೇಕು.