ಗಡಿ ಸರಿದವರು, ಗಡಿ ದಾಟಿದವರು

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ಇಂದು ಈರೋಡ್ ಜಿಲ್ಲೆಯಲ್ಲಿರುವ ತಾಳವಾಡಿ ಬೆಟ್ಟಸೀಮೆಯ ಕನ್ನಡ ಊರುಗಳು ಮದರಾಸಿನಲ್ಲಿಯೇ ಉಳಿದವು. ಜನ ಕದಲಲಿಲ್ಲ, ಗಡಿಯೇ ಸರಿದು ಬಂದಿತು.

ಅದೇ ಕೊಳ್ಳೇಗಾಲಕ್ಕೆ ಮುಂದೆ ಗಡಿ ದಾಟಿದವರೂ ಬಂದರು. 1959ರಲ್ಲಿ ಲಾಸಾದ ದಂಗೆಯನ್ನು ಚೀನಾದ ಸೇನೆ ಹತ್ತಿಕ್ಕಿದ ಮೇಲೆ ಸಾವಿರಾರು ಟಿಬೆಟನ್ನರು ಹಿಮಾಲಯ ದಾಟಿ ಭಾರತವನ್ನು ಸೇರಿದರು. ಮೈಸೂರು ರಾಜ್ಯದಲ್ಲಿ ಅವರ ಮೊದಲ ವಸಾಹತು 1960ರಲ್ಲಿ ಬೈಲಕುಪ್ಪೆಯಲ್ಲಿ ಆರಂಭವಾಯಿತು. 1974ರಲ್ಲಿ ಒಡೆಯರಪಾಳ್ಯದ ಧೊಂಡೆನ್‌ಲಿಂಗ್ ನೆಲೆಗೊಂಡಿತು. ಬಾರ್ಲಿ ಬೆಳೆಯುವ, ಯಾಕ್ ಮೇಯಿಸುವ ಶೀತಪ್ರದೇಶದವರು ಇಲ್ಲಿ ಮಳೆಯಾಶ್ರಿತ ಮುಸುಕಿನ ಜೋಳದ ಬೇಸಾಯವನ್ನೂ ಆನೆ ಕಾಯುವುದನ್ನೂ ನಡುವಯಸ್ಸಿನಲ್ಲಿ ಕಲಿಯಬೇಕಾಯಿತು. ಖಾಮ್ ಪ್ರಾಂತ್ಯದಲ್ಲಿ ನಾಶವಾದ ಜೋಗ್‌ಚೆನ್ ಮಠವೂ ಇಲ್ಲಿಯೇ ಮತ್ತೆ ತಲೆಯೆತ್ತಿತು. ಕಳೆದುಕೊಂಡ ವಿದ್ಯೆಯನ್ನು ಉಳಿಸಿಕೊಳ್ಳುವುದು, ಬಂದ ನೆಲದ ವಿದ್ಯೆಯನ್ನು ಗಳಿಸುವುದು: ನಿರಾಶ್ರಿತರ ಜೀವಮಾನದ ಕಲಿಕೆಗೆ ಈ ಎರಡು ಮುಖಗಳಿವೆ.

ಭಾಷೆಯ ಮಟ್ಟಿಗೆ ಈ ನೆರೆಹೊರೆ ಅರ್ಥಪೂರ್ಣ. ತಾಳವಾಡಿಯಲ್ಲಿ ಕನ್ನಡವು ಅಲ್ಪಸಂಖ್ಯಾತರ ನುಡಿ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಅಲ್ಲಿನ ಮಕ್ಕಳಿಗೆ ತಮಿಳನ್ನು ಕಡ್ಡಾಯಗೊಳಿಸಿತು. ಒಡೆಯರಪಾಳ್ಯದಲ್ಲಿ ಅದೇ ಕನ್ನಡ ಬಹುಸಂಖ್ಯಾತರ ನುಡಿ. ಅಲ್ಲಿ ಅಲ್ಪಸಂಖ್ಯಾತರು ಟಿಬೆಟನ್ನರು. ಅಲ್ಪಸಂಖ್ಯಾತತ್ವವು ಭಾಷೆಯ ಗುಣವಲ್ಲ, ಗಡಿಯ ಸೃಷ್ಟಿ. ತಾಳವಾಡಿಯ ಕನ್ನಡಕ್ಕೆ ನ್ಯಾಯ ಕೇಳುವ ವಾದವು ಒಡೆಯರಪಾಳ್ಯದ ಟಿಬೆಟನ್ ನುಡಿಗೂ ಅದನ್ನೇ ಕೇಳಿದಾಗ ಮಾತ್ರ ಪೂರ್ಣವಾಗುತ್ತದೆ.